ಜಗಲಿ ಮಾತು: ಬಿದ್ದವನು ಯಾರ ಕಡೆಯವನು?

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದು ಉಪ್ಪಿಟ್ಟು, ಕಾಫಿ ನಡೆಯುತ್ತಿದ್ದಾಗ ಸದಸ್ಯೆಯೊಬ್ಬರು ಬಂದು ನನ್ನ ಪಕ್ಕ ಕುಳಿತರು. “ಅಂಕಲ್, ನಿಮ್ಮ ಜಗಲಿ ಮಾತಿನಲ್ಲಿ ಹಪ್ಪಳದಿಂದ ಹಿಡಿದು ಹೌರಾ ಸೇತುವೆಯವರೆಗೆ ಎಲ್ಲವೂ ಬಂದಿದೆ. ಈ ಮಕ್ಕಳ ಬಂದೂಕಿನ ಆಟದ ಬಗ್ಗೆ ಯಾಕೆ ಒಂದು ಸಲ ಬರೆಯಬಾರದು?” ಎಂದರು. ಅವರ ಮಗ ಒಂಬತ್ತನೇ ತರಗತಿ. ಮೊನ್ನೆ ಟಿ.ವಿ.ಯಲ್ಲಿ ರೈಲು ಅಪಘಾತದ ಸುದ್ದಿ ಬರುತ್ತಿದ್ದಾಗ ಅವನು ಒಂದು ಕೈಯಲ್ಲಿ ಚಿಪ್ಸ್ ತಿನ್ನುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕೂತಿದ್ದನಂತೆ. “ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ ಅಂಕಲ್. ದಿನಾ ಅಷ್ಟೊಂದು ಜನರನ್ನು ಸಾಯಿಸಿ ಸಾಯಿಸಿ ನನ್ನ ಮಗನ ಮನಸ್ಸು ಜಡ್ಡುಗಟ್ಟಿ ಹೋಯಿತೇ?” ಅವರ ಕಾಫಿ ಆರಿ ತಣ್ಣಗಾಗಿತ್ತು.

ಜಡ್ಡುಗಟ್ಟುವುದು! ಒಳ್ಳೆಯ ಮಾತು. ಗುದ್ದಲಿ ಹಿಡಿದ ಅಂಗೈಗೆ ಮೊದಲ ದಿನ ಬೊಬ್ಬೆ ಬರುತ್ತದೆ, ತಿಂಗಳು ಕಳೆದರೆ ಜಡ್ಡು ಬರುತ್ತದೆ, ಆಮೇಲೆ ಉರಿಯುವುದೇ ಇಲ್ಲ. ಪರದೆಯ ಮೇಲೆ ದಿನಾ ಕೊಲ್ಲುವ ಮಗುವಿನ ಮನಸ್ಸಿಗೂ ಹಾಗೇ ಆಗುತ್ತದೆಯೇ, ಎದುರಿಗೆ ನಿಜವಾದ ರಕ್ತ ಬಿದ್ದರೂ ಉರಿಯದಂತೆ ಆಗುತ್ತದೆಯೇ ಎಂಬುದು ಅವರ ಪ್ರಶ್ನೆ. ಥಟ್ಟನೆ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಯಾಕೆಂಬುದು ಈ ಅಂಕಣ ಮುಗಿಯುವ ಹೊತ್ತಿಗೆ ನಿಮಗೆ ತಿಳಿಯುತ್ತದೆ.

ಮೊದಲು ಆಟ ಏನೆಂದು ತಿಳಿಯಬೇಕಲ್ಲ. ನನಗೆ ಗುರು ಮನೆಯಲ್ಲೇ ಇದ್ದಾನೆ, ಹದಿನಾಲ್ಕು ವರ್ಷದ ಮೊಮ್ಮಗ. “ತಾತ, ನಿಮಗೆ ಅರ್ಥ ಆಗಲ್ಲ” ಎಂದು ಶುರು ಮಾಡಿ, ಕೊನೆಗೆ ಎರಡು ಗಂಟೆ ಪಾಠ ಹೇಳಿದ. ನೂರು ಜನ ವಿಮಾನದಿಂದ ಪ್ಯಾರಾಚೂಟು ಕಟ್ಟಿಕೊಂಡು ಒಂದು ದ್ವೀಪದ ಮೇಲೆ ಇಳಿಯುತ್ತಾರೆ. ಪಾಳುಮನೆಗಳಲ್ಲಿ ಬಂದೂಕು, ಗುಂಡು, ಔಷಧಿ ಹುಡುಕಿಕೊಳ್ಳುತ್ತಾರೆ. ಸುತ್ತಲಿನ ಗಡಿ ಚಿಕ್ಕದಾಗುತ್ತ ಬರುತ್ತದೆ. ಒಬ್ಬರನ್ನೊಬ್ಬರು ಹೊಡೆಯುತ್ತ ಹೋಗಿ ಕೊನೆಗೆ ಉಳಿದವನು, ಅಥವಾ ಉಳಿದ ತಂಡ, ಗೆದ್ದ ಹಾಗೆ. ಇದಕ್ಕೆ ಮೊದಲು ಪಬ್ಜಿ ಎಂದು ಹೆಸರಿತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಇದನ್ನೂ ಸೇರಿಸಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಆ ನಿಷೇಧ ಹಿಂಸೆಯ ಕಾರಣಕ್ಕಲ್ಲ, ದೇಶದ ಭದ್ರತೆ ಮತ್ತು ಜನರ ಮಾಹಿತಿಯ ಸುರಕ್ಷತೆಯ ಕಾರಣಕ್ಕೆ. 2021ರ ಜುಲೈನಲ್ಲಿ ಭಾರತಕ್ಕೆಂದೇ ಬೇರೆ ಹೆಸರು ಹೊತ್ತು ಮತ್ತೆ ಬಂತು, 2022ರ ಜುಲೈನಲ್ಲಿ ಮತ್ತೆ ಮರೆಯಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ. ಹೊಸ ಅವತಾರದಲ್ಲಿ ರಕ್ತದ ಬಣ್ಣ ಹಸಿರು! ಕೆಂಪು ಕಂಡರೆ ಮಕ್ಕಳು ಕೆಡುತ್ತಾರೆ, ಹಸಿರಾದರೆ ಪರವಾಗಿಲ್ಲ ಎಂದು ಯಾರು ಲೆಕ್ಕ ಹಾಕಿದರೋ ನಾ ಕಾಣೆ.

ಪಾಠದ ನಡುವೆ ಎರಡು ಸಂಗತಿಗಳು ನನ್ನ ಮನಸ್ಸಿಗೆ ಅಂಟಿಕೊಂಡವು. ಒಂದು, ಈ ಆಟದಲ್ಲಿ ಸತ್ತವನು ಹೆಣವಾಗಿ ಬಿದ್ದಿರುವುದಿಲ್ಲ, ಒಂದು ಪೆಟ್ಟಿಗೆಯಾಗುತ್ತಾನೆ. ಕೊಂದವನು ಓಡಿ ಬಂದು ಆ ಪೆಟ್ಟಿಗೆ ತೆರೆದು ಒಳಗಿನ ಬಂದೂಕು, ಗುಂಡು, ಔಷಧಿ ಎತ್ತಿಕೊಳ್ಳುತ್ತಾನೆ. ಎರಡು, ತಮ್ಮ ತಂಡದವನಿಗೆ ಗುಂಡು ತಗುಲಿದರೆ ಅವನು ತಕ್ಷಣ ಸಾಯುವುದಿಲ್ಲ, ತೆವಳುತ್ತಿರುತ್ತಾನೆ. ಆಗ ಜೊತೆಯವರು ಪ್ರಾಣದ ಹಂಗು ತೊರೆದು ಅವನ ಬಳಿ ಹೋಗಿ, ಹತ್ತು ಸೆಕೆಂಡಿನಷ್ಟು ಹೊತ್ತು ಮಂಡಿಯೂರಿ ಕೂತು ಅವನನ್ನು ಎಬ್ಬಿಸಬೇಕು. “ನೋಡಿ ತಾತ, ಬರೀ ಕೊಲ್ಲೋದಲ್ಲ, ನಾವು ಬದುಕಿಸ್ತೀವಿ ಕೂಡ” ಎಂದು ಅವನು ಹೆಮ್ಮೆಯಿಂದ ಹೇಳಿದ. “ಬೇರೆ ತಂಡದವನು ತೆವಳುತ್ತಿದ್ದರೆ?” ಎಂದು ಕೇಳಿದೆ. “ಅವನನ್ನ ಯಾಕೆ ಬದುಕಿಸಬೇಕು?” ಎಂದು ನನ್ನ ಮುಖ ನೋಡಿದ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನು ಪತ್ರಿಕೆಗಳ ಸುದ್ದಿ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ ಒಬ್ಬ ಯುವಕ ತಂದೆಯನ್ನೇ ಕೊಂದ ಸುದ್ದಿ ಓದಿ ನಾವೆಲ್ಲ ನಡುಗಿದ್ದೆವು. ಆಟ ಬಿಡೆಂದು ಬೈದದ್ದೇ ಕಾರಣ ಎಂದು ವರದಿಯಾಗಿತ್ತು. ನಮ್ಮ ಬಂಗಾಳದಲ್ಲೇ 2024ರ ಜನವರಿಯಲ್ಲಿ, ಮುರ್ಷಿದಾಬಾದ್ ಜಿಲ್ಲೆಯ ಫರಕ್ಕಾದಲ್ಲಿ, ಮೊಬೈಲ್ ಆಟದ ಪಾಸ್‌ವರ್ಡಿನ ಜಗಳದಲ್ಲಿ ಹದಿಹರೆಯದ ಹುಡುಗನೊಬ್ಬನನ್ನು ಅವನ ಗೆಳೆಯರೇ ಕೊಂದರೆಂಬ ಆರೋಪದ ಸುದ್ದಿ ಬಂತು. ಇಂಥ ಸುದ್ದಿ ಬಂದಾಗಲೆಲ್ಲ “ಆಟ ಕೊಂದಿತು” ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ. ಗುಜರಾತಿನ ರಾಜಕೋಟೆಯಲ್ಲಂತೂ 2019ರ ಮಾರ್ಚ್‌ನಲ್ಲಿ ಪೊಲೀಸರು ಆಟ ನಿಷೇಧಿಸಿ, ಆಡುತ್ತಿದ್ದ ಕಾಲೇಜು ಹುಡುಗರನ್ನು ಬಂಧಿಸಿದ್ದೂ ಉಂಟು.

ಆದರೆ ಸ್ವಲ್ಪ ನಿಧಾನವಾಗಿ ನೋಡಿ. ಕಾಕತಿಯಲ್ಲಿ ಜಗಳ ಬಂದದ್ದು ಫೋನಿನ ಚಟಕ್ಕೆ ಅಡ್ಡ ಬಂದದ್ದಕ್ಕೆ. ಫರಕ್ಕಾದಲ್ಲಿ ಬಂದದ್ದು ತನ್ನದು, ನಿನ್ನದು ಎಂಬ ಹಂಚಿಕೆಗೆ. ಹೆಂಡಕ್ಕೆ ದುಡ್ಡು ಕೊಡಲಿಲ್ಲವೆಂದು ತಾಯಿಯನ್ನು ಹೊಡೆದ ಮಕ್ಕಳ ಕಥೆ, ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕುಡುಗೋಲು ಎತ್ತಿದ ಕಥೆ ನಮ್ಮೂರುಗಳಲ್ಲಿ ಮೊಬೈಲು ಬರುವ ಮೊದಲೂ ಇತ್ತು. ಚಟ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಆಟದ ಚಟವೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು ‘ಷಟ್’ ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ನಿದ್ದೆ, ಊಟ, ಶಾಲೆ ಮೂರನ್ನೂ ಬಿಟ್ಟು ಮಗು ಫೋನಿಗೆ ಬಿದ್ದಿದ್ದರೆ ಅಲ್ಲಿನ ಅಥವಾ ಇಲ್ಲಿನ ವೈದ್ಯರ ಬಳಿ ಹೋಗಲು ಸಂಕೋಚ ಬೇಡ. ಆದರೆ ಚಟ ಬೇರೆ, ಮನಸ್ಸು ಜಡ್ಡುಗಟ್ಟುವುದು ಬೇರೆ. ನಮ್ಮ ಸದಸ್ಯೆ ಕೇಳಿದ್ದು ಎರಡನೆಯದನ್ನು.

ಅದನ್ನು ಅಳೆಯಲು ಹೊರಟವರೂ ಇದ್ದಾರೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಾರ್ನಗಿ, ಆಂಡರ್ಸನ್, ಬುಷ್‌ಮನ್ ಎಂಬ ಮೂವರು 257 ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಅರ್ಧ ಜನರಿಗೆ ಹೊಡೆದಾಟದ ಆಟ, ಉಳಿದರ್ಧಕ್ಕೆ ಸಾಧು ಆಟ ಕೊಟ್ಟು 20 ನಿಮಿಷ ಆಡಿಸಿದರು. ಆಮೇಲೆ ನಿಜವಾದ ಹಿಂಸೆಯ ದೃಶ್ಯಗಳನ್ನು 10 ನಿಮಿಷ ತೋರಿಸಿ ಎದೆಬಡಿತವನ್ನೂ ಅಂಗೈ ಬೆವರನ್ನೂ ಅಳೆದರು. ಹೊಡೆದಾಟ ಆಡಿದವರ ಎದೆ ಅಷ್ಟು ಜೋರಾಗಿ ಬಡಿಯಲಿಲ್ಲ, ಅಂಗೈ ಅಷ್ಟು ಬೆವರಲಿಲ್ಲ. 2007ರಲ್ಲಿ ಇದು ಪ್ರಕಟವಾದಾಗ ತಾಯಂದಿರಿಗೆ ಹೆದರಿಕೆಯಾದದ್ದು ಸಹಜ.

2009ರಲ್ಲಿ ಬುಷ್‌ಮನ್, ಆಂಡರ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 320 ವಿದ್ಯಾರ್ಥಿಗಳು ಹೀಗೆಯೇ 20 ನಿಮಿಷ ಆಡಿದರು. ಬಳಿಕ ಅವರು ಕಾಗದ ತುಂಬುತ್ತ ಕುಳಿತಾಗ ಬಾಗಿಲ ಹೊರಗೆ ಜಗಳ, ಕುರ್ಚಿ ಬಿದ್ದ ಸದ್ದು, ಕಾಲು ಉಳುಕಿದವನ ನರಳಾಟ. ಎಲ್ಲ ನಾಟಕ, ಮೊದಲೇ ಮುದ್ರಿಸಿಟ್ಟ ದನಿ, ಒಳಗಿದ್ದವರಿಗೆ ಮಾತ್ರ ಗೊತ್ತಿಲ್ಲ. ಸಹಾಯಕ್ಕೆ ಎದ್ದು ಹೋದವರಲ್ಲಿ ಸಾಧು ಆಟದವರು ಸರಾಸರಿ 16 ಸೆಕೆಂಡಿನಲ್ಲಿ ಎದ್ದರು, ಹೊಡೆದಾಟದವರಿಗೆ 73 ಸೆಕೆಂಡು ಬೇಕಾಯಿತು. ಈ ಅಂಕಿಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಹೇಳುವವರು ಕಡಿಮೆ. ಎದ್ದು ಹೋದವರು ಒಟ್ಟು ಎಷ್ಟು ಜನ? ಹೊಡೆದಾಟದ ಗುಂಪಿನಲ್ಲಿ ನೂರಕ್ಕೆ 21, ಸಾಧು ಆಟದ ಗುಂಪಿನಲ್ಲಿ ನೂರಕ್ಕೆ 25. ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ. ಅಂದರೆ ಯಾರನ್ನೂ ಕೊಲ್ಲದೆ, ತಣ್ಣನೆಯ ಆಟ ಆಡಿ ಕುಳಿತವರಲ್ಲೂ ನಾಲ್ಕರಲ್ಲಿ ಮೂವರು ಕುರ್ಚಿ ಬಿಟ್ಟು ಏಳಲಿಲ್ಲ! ಅವರ ಮನಸ್ಸನ್ನು ಜಡ್ಡುಗಟ್ಟಿಸಿದವರು ಯಾರು?

ಮುಂದಿನ ವರ್ಷಗಳಲ್ಲಿ ಬೇರೆಯವರು ಬೇರೆ ಉತ್ತರ ಕಂಡರು. ಜರ್ಮನಿಯ ಹ್ಯಾನೋವರ್‌ನಲ್ಲಿ ವರ್ಷಗಟ್ಟಲೆ ದಿನಾ ಗುಂಡಿನ ಆಟ ಆಡಿದ ಗಂಡಸರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಪರರ ನೋವಿಗೆ ಅದು ಸ್ಪಂದಿಸುವ ರೀತಿಯಲ್ಲಿ ಆಡದವರಿಗಿಂತ ವ್ಯತ್ಯಾಸ ಕಾಣಲಿಲ್ಲ ಎಂದು 2017ರಲ್ಲಿ ಬರೆದರು. ಜರ್ಮನಿಯಲ್ಲೇ ಇನ್ನೊಂದು ತಂಡ ಜನರಿಗೆ ಎರಡು ತಿಂಗಳು ದಿನಾ ಹಿಂಸೆಯ ಆಟ ಆಡಿಸಿ ನೋಡಿ, ಮನಸ್ಸು ಮರಗಟ್ಟಿದ್ದಕ್ಕೆ ಪುರಾವೆ ಇಲ್ಲ ಎಂದು 2018ರಲ್ಲಿ ಹೇಳಿತು. ಬ್ರಿಟನ್ನಿನಲ್ಲಿ 14–15 ವಯಸ್ಸಿನ 1,004 ಮಕ್ಕಳನ್ನೂ ಅವರ ಪೋಷಕರನ್ನೂ ಕೇಳಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಆಟಕ್ಕೂ ಜಗಳಗಂಟತನಕ್ಕೂ ನಂಟು ಸಿಗಲಿಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರ ಮಾರ್ಚ್‌ನಲ್ಲಿ ತೂಕದ ಮಾತಾಡಿತು: ಕೂಗಾಟ, ತಳ್ಳಾಟದಂಥ ಸಣ್ಣ ಪರಿಣಾಮಗಳು ಇರಬಹುದು, ಆದರೆ ಕೊಲೆ, ಗುಂಡೇಟಿನಂಥ ಹಿಂಸೆಗೆ ಆಟವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ.

ಹೀಗೆ ಪಂಡಿತರಲ್ಲೇ ಒಮ್ಮತವಿಲ್ಲ. ನನ್ನಂಥ ನಿವೃತ್ತ ಗುಮಾಸ್ತನಿಗೆ ತೋಚುವುದಿಷ್ಟು: ಎದೆಬಡಿತ ಕಡಿಮೆಯಾದದ್ದೆಲ್ಲ ಕ್ರೌರ್ಯವಲ್ಲ. ಆಸ್ಪತ್ರೆಯ ನರ್ಸಮ್ಮ ಮೊದಲ ದಿನ ರಕ್ತ ನೋಡಿ ತಲೆಸುತ್ತಿ ಬಿದ್ದಿರಬಹುದು, ಹತ್ತು ವರ್ಷದ ಮೇಲೆ ಕೈ ನಡುಗದೆ ಗಾಯ ಕಟ್ಟುತ್ತಾಳೆ. ಅವಳೂ ಜಡ್ಡುಗಟ್ಟಿದವಳೇ. ಆ ಜಡ್ಡಿನಿಂದಲೇ ನಮ್ಮ ಪ್ರಾಣ ಉಳಿಯುತ್ತದೆ.

ಹಿಂಸೆ ನೋಡುತ್ತ ಬೆಳೆದ ಮೊದಲ ಪೀಳಿಗೆಯೂ ಇದಲ್ಲ. ಕರಾವಳಿಯ ಮಿತ್ರರು ಯಕ್ಷಗಾನದಲ್ಲಿ ದುಶ್ಶಾಸನವಧೆ ನೋಡಿಲ್ಲವೇ? ಕರುಳು ಬಗೆದು ರಕ್ತ ಕುಡಿಯುವ ಭೀಮನನ್ನು ಕಂಬಳಿ ಹೊದ್ದ ಮಕ್ಕಳು ಬೆಳಗಿನ ಜಾವದವರೆಗೆ ನೋಡಿ, ಮರುದಿನ ಶಾಲೆಯಲ್ಲಿ ತೂಕಡಿಸಿದರು, ಅಷ್ಟೆ. ಯಾರೂ ಭೀಮನಾಗಲಿಲ್ಲ. ಆದರೆ ಅಲ್ಲಿ ಒಂದು ವಿಶೇಷವಿತ್ತು. ಸಾಯುವವನಿಗೆ ಹೆಸರಿತ್ತು, ಅವನಿಗಾಗಿ ಅಳುವವರಿದ್ದರು. ಸಾವಿರ ವರ್ಷದ ಹಿಂದೆ ನಮ್ಮ ರನ್ನ ‘ಗದಾಯುದ್ಧ’ದಲ್ಲಿ ಏನು ಮಾಡಿದ? ಸೋತ ದುರ್ಯೋಧನನನ್ನು ಸಂಜಯನ ಜೊತೆ ರಣರಂಗದಲ್ಲಿ ನಡೆಸಿದ. ಒಂದೊಂದು ಹೆಣದ ಮುಂದೆಯೂ ಅವನನ್ನು ನಿಲ್ಲಿಸಿದ. ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಇವರಿಗಾಗಿ ಅತ್ತದ್ದು ಸರಿ, ತನ್ನವರು. ಆದರೆ ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ದುರ್ಯೋಧನ ನಿಲ್ಲುತ್ತಾನೆ, ಕೈಮುಗಿಯುತ್ತಾನೆ. ಮೊಬೈಲಿನ ಆಟದಲ್ಲಿ ಈ ನಿಲ್ಲುವುದೊಂದಕ್ಕೆ ಜಾಗವಿಲ್ಲ. ನಿಂತರೆ ಗುಂಡು ಬೀಳುತ್ತದೆ. ಪೆಟ್ಟಿಗೆ ತೆರೆ, ಎತ್ತಿಕೋ, ಓಡು. ನನಗೆ ಈ ಆಟದ ಬಗ್ಗೆ ತಕರಾರಿದ್ದರೆ ಅದು ರಕ್ತದ ಬಗ್ಗೆ ಅಲ್ಲ, ಆ ಪೆಟ್ಟಿಗೆಯ ಬಗ್ಗೆ.

ಇನ್ನು ನನ್ನ ಕಥೆ ಹೇಳಬೇಕು. ಇದನ್ನು ಮನೆಯಲ್ಲಿ ಕೂಡ ಹೆಚ್ಚು ಹೇಳಿದವನಲ್ಲ.

ನಾನು ಬ್ಯಾಂಕಿನ ಕೆಲಸಕ್ಕೆಂದು ಹಾಸನದ ಕಡೆಯಿಂದ ಈ ಊರಿಗೆ ಬಂದದ್ದು 1970ರಲ್ಲಿ. ವಯಸ್ಸು ಇಪ್ಪತ್ತೆರಡು. ಉತ್ತರ ಕಲ್ಕತ್ತದಲ್ಲಿ, ಶ್ಯಾಮಬಜಾರ್ ಕಡೆಯ ಒಂದು ಮೆಸ್ಸಿನಲ್ಲಿ ನಾಲ್ವರು ದಕ್ಷಿಣದವರು ಒಂದೇ ಕೋಣೆ. ಅವು ನಕ್ಸಲ್ ಚಳವಳಿಯ ದಿನಗಳು. ರಾತ್ರಿ ಬಾಂಬಿನ ಸದ್ದು, ಬೆಳಿಗ್ಗೆ ಗೋಡೆಯ ಮೇಲೆ ಹೊಸ ಬರಹ. ಪೊಲೀಸರು, ಪಾರ್ಟಿಗಳು, ಪುಂಡರು ಯಾರು ಯಾರನ್ನು ಕೊಲ್ಲುತ್ತಿದ್ದರೆಂದು ಹೇಳುವುದೇ ಕಷ್ಟ. 1971ರ ಆಗಸ್ಟ್‌ನಲ್ಲಿ ಕಾಶಿಪುರ–ಬರಾನಗರದಲ್ಲಿ ನಡೆದ ಹತ್ಯಾಕಾಂಡ ನಮ್ಮ ಮೆಸ್ಸಿನಿಂದ ಬಹು ದೂರವೇನಲ್ಲ.

ಮೊದಲ ಹೆಣ ನೋಡಿದ್ದು ಒಂದು ಬೆಳಿಗ್ಗೆ ಟ್ರಾಮ್ ಹಿಡಿಯಲು ಹೋಗುವಾಗ, ಗಲ್ಲಿಯ ಬಾಯಿಯಲ್ಲಿ. ನನ್ನದೇ ವಯಸ್ಸಿನ ಹುಡುಗ. ಯಾರೋ ಮುಖದ ಮೇಲೆ ಪತ್ರಿಕೆ ಹಾಕಿದ್ದರು. ಒಂದು ಕಾಲಿನ ಚಪ್ಪಲಿ ದೂರ ಬಿದ್ದಿತ್ತು. ನಾನು ಕಲ್ಲಾಗಿ ನಿಂತೆ. ಕೋಣೆಯ ಹಿರಿಯರು ನನ್ನ ತೋಳು ಹಿಡಿದು, “ನೋಡಬೇಡ, ನಡಿ” ಎಂದರು. ಎರಡು ದಿನ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯ ಸಲ ನೋಡಿದಾಗ ಸಂಜೆಯವರೆಗೆ ಮಂಕಾಗಿದ್ದೆ, ರಾತ್ರಿ ಊಟ ಮಾಡಿದೆ. ಮೂರನೆಯ ಸಲ ಜನ ಗುಂಪುಗೂಡಿ ದಾರಿ ಕಟ್ಟಿದ್ದಾಗ ನಾನು ಕೈಗಡಿಯಾರ ನೋಡಿಕೊಂಡೆ. ಹಾಜರಿ ಪುಸ್ತಕಕ್ಕೆ ಕೆಂಪು ಗೆರೆ ಬೀಳುತ್ತದಲ್ಲ ಎಂಬ ಚಿಂತೆ! ಅಷ್ಟು ಹೊತ್ತಿಗೆ ಈ ಊರಿಗೆ ಬಂದು ವರ್ಷ ತುಂಬಿತ್ತೋ ಇಲ್ಲವೋ. ಒಂದು ವಿಡಿಯೋ ಗೇಮನ್ನೂ ಕಣ್ಣಿಂದ ಕಂಡವನಲ್ಲ.

ಇನ್ನೊಂದು ನೆನಪು. ಹಾಗೆ ಬಿದ್ದವನನ್ನು ನೋಡಿದವರು ಮೊದಲು ಕೇಳುತ್ತಿದ್ದ ಪ್ರಶ್ನೆ “ಉಸಿರಿದೆಯಾ?” ಎಂದಲ್ಲ. “ಕೊನ್ ಪಾರ್ಟಿರ್ ಛೆಲೆ?” ಯಾವ ಪಾರ್ಟಿಯ ಹುಡುಗ? ಉತ್ತರ ಸಿಕ್ಕ ಮೇಲೆ ಅಯ್ಯೋ ಅನ್ನಬೇಕೋ ಬೇಡವೋ ಎಂಬುದು ನಿರ್ಧಾರವಾಗುತ್ತಿತ್ತು. ಮಹಾಶ್ವೇತಾ ದೇವಿಯವರು 1974ರಲ್ಲಿ ಬರೆದ ‘ಹಾಜಾರ್ ಚುರಾಶಿರ್ ಮಾ’ ಕಾದಂಬರಿಯ ಹೆಸರಿನ ಅರ್ಥವೇ 1084ರ ತಾಯಿ ಎಂದು. ಶವಾಗಾರದಲ್ಲಿ ಅವಳ ಮಗನಿಗೆ ಇದ್ದ ನಂಬರು ಅದು. ನಂಬರಾದ ಮಗನನ್ನು ಮತ್ತೆ ಮಗನಾಗಿಸಿಕೊಳ್ಳಲು ಆ ತಾಯಿ ಪಡುವ ಪಾಡೇ ಕಥೆ. ಅದನ್ನು ಓದಿದ ದಿನ ನನಗೆ ಆ ದೂರ ಬಿದ್ದಿದ್ದ ಚಪ್ಪಲಿ ನೆನಪಾಗಿ, ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಅದು ಆ ಕಾಲ ಎಂದು ಬಿಡುವಂತಿಲ್ಲ. 2017ರ ಫೆಬ್ರವರಿಯಲ್ಲಿ ನಮ್ಮ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗನಿಗೆ ಬಸ್ಸು ಬಡಿಯಿತು. ಸುಮಾರು 25 ನಿಮಿಷ ಅವನು ರಸ್ತೆಯಲ್ಲಿ ರಕ್ತ ಸುರಿಸುತ್ತ ನೆರವು ಕೇಳುತ್ತಿದ್ದರೆ ಸುತ್ತ ನಿಂತವರು ಫೋಟೋ, ವಿಡಿಯೋ ತೆಗೆಯುತ್ತಿದ್ದರೆಂದು ಪತ್ರಿಕೆಗಳು ಬರೆದವು. ಹುಡುಗ ಉಳಿಯಲಿಲ್ಲ. ಅಲ್ಲಿ ನಿಂತಿದ್ದವರೆಲ್ಲ ಪಬ್ಜಿ ಆಡಿದವರೇ? ಆಗಿನ್ನೂ ಆ ಆಟ ನಮ್ಮ ಮೊಬೈಲುಗಳಿಗೆ ಬಂದೇ ಇರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2016ರ ಫೆಬ್ರವರಿಯಲ್ಲಿ, ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ, ಸಾಯುವ ಮುನ್ನ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಅವನ ಹೆಸರಿನಲ್ಲೇ ಕರ್ನಾಟಕ ಸರ್ಕಾರ ಅದೇ ವರ್ಷ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ತಂದಿತು. ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಎಂದು ಆಗ ಘೋಷಿಸಿತ್ತು. ಸಾಯುವ ಗಳಿಗೆಯಲ್ಲೂ ಗುರುತಿಲ್ಲದವರ ಯೋಚನೆ ಮಾಡಿದವನು ಒಬ್ಬ, ಸಾಯುವವನನ್ನು ಕ್ಯಾಮೆರಾದ ಮೂಲಕ ನೋಡಿದವರು ಹಲವರು. ಇಬ್ಬರೂ ಒಂದೇ ಕಾಲದವರು, ಒಂದೇ ನಾಡಿನವರು.

ಈಗ ಕಳೆದ ಮಳೆಗಾಲದ ಮಾತು. ಮೊಮ್ಮಗನ ಜೊತೆ ಲೇಕ್ ಮಾರ್ಕೆಟ್ಟಿಗೆ ಹೋಗಿ ಕರಿಬೇವು, ಬಾಳೆಎಲೆ ಕೊಂಡು ರಾಸಬಿಹಾರಿ ಅವೆನ್ಯೂ ದಾಟಲು ನಿಂತಿದ್ದೆ. ಸಣ್ಣ ಮಳೆ. ಊಟ ತಲುಪಿಸುವ ಹುಡುಗನೊಬ್ಬನ ಬೈಕು ನಮ್ಮ ಎದುರಿಗೇ ಜಾರಿತು. ಅವನು ಉರುಳಿ ಹೋಗಿ ಫುಟ್‌ಪಾತಿನ ಅಂಚಿಗೆ ಬಡಿದ. ಹಣೆಯಿಂದ ರಕ್ತ. ಮೊಮ್ಮಗ ಮುಂದಕ್ಕೆ ನುಗ್ಗಿದ. ನಾನು ಏನು ಮಾಡಿದೆ ಗೊತ್ತೇ? ಅವನ ಮಣಿಕಟ್ಟು ಹಿಡಿದು ಎಳೆದೆ. “ಬೇಡ, ಪೊಲೀಸು ಗಿಲೀಸು ಅಂತ ಆಗುತ್ತೆ” ಎಂಬ ಮಾತು ನನ್ನ ಬಾಯಿಂದ ಬಂತು. ಐವತ್ತು ವರ್ಷದ ಹಿಂದೆ ನನ್ನ ತೋಳು ಹಿಡಿದವರ ದನಿಯೇ ಅದು.

ಅವನ ಮಣಿಕಟ್ಟು ನನ್ನ ಬೆರಳಲ್ಲಿತ್ತು. ನಾಡಿ ಕುದುರೆಯ ಹಾಗೆ ಓಡುತ್ತಿತ್ತು. ಮುಖ ಸುಣ್ಣವಾಗಿತ್ತು. ಆ ಬೆಳಿಗ್ಗೆ ತಾನೇ ಹನ್ನೊಂದು ಜನರನ್ನು ‘ಮುಗಿಸಿದೆ’ ಎಂದು ಕುಣಿದಿದ್ದ ಹುಡುಗ. ನನ್ನ ಎದೆ? ತಣ್ಣಗಿತ್ತು. ಅಯೋವಾದ ಪಂಡಿತರು ಆ ಗಳಿಗೆಯಲ್ಲಿ ನಮ್ಮಿಬ್ಬರಿಗೂ ತಂತಿ ಹಚ್ಚಿದ್ದರೆ ಯಾರನ್ನು ಜಡ್ಡುಗಟ್ಟಿದವನೆಂದು ಬರೆದುಕೊಳ್ಳುತ್ತಿದ್ದರು?

ಅಷ್ಟರಲ್ಲಿ ಫುಟ್‌ಪಾತಿನ ಮೇಲೆ ತರಕಾರಿ ಮಾರುವ ಮಾಶಿಯೊಬ್ಬಳು ತನ್ನ ಪ್ಲಾಸ್ಟಿಕ್ ಹಾಳೆ ಬಿಟ್ಟು ಎದ್ದು ಬಂದಳು. ಗಾಮ್ಛಾ ಮಡಿಸಿ ಅವನ ಹಣೆಗೆ ಒತ್ತಿ ಹಿಡಿದಳು. ಅವನ ಹೆಸರು ಕೇಳಿದಳು, ಊರು ಕೇಳಿದಳು, ಮಾತಾಡುತ್ತಲೇ ಇದ್ದಳು. ಮೊಮ್ಮಗ ನನ್ನ ಕೈ ಬಿಡಿಸಿಕೊಂಡು ಹೋಗಿ ಕೊಡೆ ಹಿಡಿದು ನಿಂತ. ಆಮೇಲೆ ನಾನೂ ಹೋದೆ, ತಡವಾಗಿ, ಆಟೋ ನಿಲ್ಲಿಸಿದೆ. ಹುಡುಗನಿಗೆ ನಾಲ್ಕು ಹೊಲಿಗೆ ಬಿದ್ದವು, ಪ್ರಾಣಕ್ಕೇನೂ ಆಗಲಿಲ್ಲ. ಪೊಲೀಸರು ನನ್ನ ಮನೆಗೆ ಬರಲೂ ಇಲ್ಲ.

ಆ ರಾತ್ರಿ ಮೊಮ್ಮಗನಿಗೆ ನಿದ್ದೆ ಬರಲಿಲ್ಲ. ನನ್ನ ಕೋಣೆಗೆ ಬಂದು ಕೂತ. ಸ್ವಲ್ಪ ಹೊತ್ತಾದ ಮೇಲೆ, “ತಾತ, ನೀವು ಯಾಕೆ ನನ್ನ ಹಿಡ್ಕೊಂಡ್ರಿ?” ಎಂದು ಕೇಳಿದ. ನಾನು 1971ರ ಕಥೆ ಹೇಳಿದೆ, ಕೈಗಡಿಯಾರದ ಮಾತನ್ನೂ ಬಿಡದೆ. ಅವನು ಸುಮ್ಮನೆ ಕೇಳಿದ. ಕೊನೆಗೆ, “ಆ ಬೈಕ್ ಹುಡುಗ ನಮ್ಮ ಸ್ಕ್ವಾಡ್ ಅಲ್ಲ ಅಂತ ನಿಮಗೆ ಅನ್ನಿಸ್ತಾ?” ಎಂದ. ಹುಡುಗ ತನ್ನ ಆಟದ ಭಾಷೆಯಲ್ಲಿ ಕೇಳಿದ್ದು, ಕಲ್ಕತ್ತದ ಬೀದಿ ನನಗೆ ಕಲಿಸಿದ್ದ ಅದೇ ಹಳೆಯ ಪ್ರಶ್ನೆ. ಯಾವ ಕಡೆಯವನು?

ಒಬ್ಬ ಮೊಮ್ಮಗನಿಂದ ಲೋಕಕ್ಕೆಲ್ಲ ಸಿದ್ಧಾಂತ ಮಾಡಬಾರದು, ನನಗೂ ಗೊತ್ತು. ಇನ್ನೊಂದು ಮನೆಯ ಹುಡುಗ ಫೋನು ತೆಗೆದು ವಿಡಿಯೋ ಮಾಡುತ್ತಿದ್ದನೇನೋ. ಆದರೆ ಆ ದಿನದಿಂದ ನನಗೆ ಒಂದು ವಿಷಯ ಖಚಿತವಾಗಿದೆ. ಮನುಷ್ಯ ರಕ್ತಕ್ಕೆ ಜಡ್ಡುಗಟ್ಟುವುದಕ್ಕಿಂತ ಮೊದಲು ಮನುಷ್ಯರಿಗೆ ಜಡ್ಡುಗಟ್ಟುತ್ತಾನೆ. ಬಿದ್ದವನು ನಮ್ಮವನಲ್ಲ ಎಂದು ಒಳಗೆ ತೀರ್ಮಾನವಾದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಆಟ ಆ ಪಾಠ ಕಲಿಸಬಹುದು, ಸುಳ್ಳಲ್ಲ. ಆದರೆ ಅದಕ್ಕಿಂತ ಜೋರಾಗಿ ಆ ಪಾಠ ಕಲಿಸುವವರು ನಾವು, ಮಣಿಕಟ್ಟು ಹಿಡಿದು ಎಳೆಯುವ ಹಿರಿಯರು.

ಹಾಗಾದರೆ ಏನು ಮಾಡೋಣ? ಫೋನು ಕಿತ್ತು ಬಿಸಾಡಬೇಡಿ, ಜಗಳವಷ್ಟೇ ಉಳಿಯುತ್ತದೆ. ಗಂಟೆಯ ಮಿತಿ ಇರಲಿ, ರಾತ್ರಿ ಮಲಗುವ ಕೋಣೆಗೆ ಫೋನು ಬೇಡ. ವಾರಕ್ಕೊಮ್ಮೆ ಪಕ್ಕದಲ್ಲಿ ಕೂತು ಆಟ ನೋಡಿ. ಬೈಯಬೇಡಿ, ಕೇಳಿ: “ಆ ಪೆಟ್ಟಿಗೆಯಾದವನು ಯಾರು, ಎಲ್ಲಿಯವನು?” ಮೊದಲ ಸಲ ನಗುತ್ತಾರೆ. ನನ್ನ ಮೊಮ್ಮಗ ಈಗ ತಾನಾಗಿ, “ತಾತ, ಇವನು ಪಾಟ್ನಾದವನು, ಮಾತಾಡಿದ್ವಿ” ಎನ್ನುತ್ತಾನೆ.

ಇನ್ನೊಂದು ಮುಖ್ಯ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ ಆ ಪೊಲೀಸ್ ಭಯಕ್ಕೆ ಈಗ ಆಧಾರವಿಲ್ಲ. ಅಪಘಾತಕ್ಕೆ ಸಿಕ್ಕವರಿಗೆ ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮೇ ಸೇರಿತು. ನೆರವಾದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂಬ ಬಲವಂತವಿಲ್ಲ. ಇದನ್ನು ಮಕ್ಕಳಿಗೆ ಹೇಳಿ. ನೀವೂ ಕಲಿಯಿರಿ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ. ರಾಜ್ಯೋತ್ಸವಕ್ಕೆ ಹಾಡು, ನಾಟಕ, ರಂಗೋಲಿ ಸ್ಪರ್ಧೆ ಇರಲಿ. ಜೊತೆಗೆ ಒಂದು ಭಾನುವಾರ ಬೆಳಿಗ್ಗೆ ಮಕ್ಕಳಿಗೂ ದೊಡ್ಡವರಿಗೂ ಪ್ರಥಮ ಚಿಕಿತ್ಸೆಯ ತರಬೇತಿ ಇಟ್ಟುಕೊಂಡರೆ ಹೇಗೆ? ಹತ್ತು ಸೆಕೆಂಡು ಮಂಡಿಯೂರಿ ಗೆಳೆಯನನ್ನು ಎಬ್ಬಿಸುವುದು ನಮ್ಮ ಮಕ್ಕಳಿಗೆ ಪರದೆಯ ಮೇಲೆ ಆಗಲೇ ಬರುತ್ತದೆ. ರಸ್ತೆಯ ಮೇಲೆ ಹೇಗೆ ಎಂದು ಹೇಳಿಕೊಟ್ಟರೆ ಸಾಕು. ಮೊದಲ ಸಾಲಿನಲ್ಲಿ ನಾನು ಕೂರುತ್ತೇನೆ, ನನಗೇ ಹೆಚ್ಚು ಅಗತ್ಯ.

ಆ ಸದಸ್ಯೆಗೆ ನನ್ನ ಉತ್ತರ ಇಷ್ಟೇ. ಅಮ್ಮಾ, ಟಿ.ವಿ. ಮುಂದೆ ಮಗನ ಮುಖದಲ್ಲಿ ಗೆರೆ ಅಲುಗಲಿಲ್ಲವೆಂದು ಹೆದರಬೇಡಿ. ಅವನನ್ನು ಕರೆದುಕೊಂಡು ಬೀದಿಗೆ ಬನ್ನಿ. ಯಾರಾದರೂ ಮುಗ್ಗರಿಸಿದರೆ ಮೊದಲು ನೀವು ಕೈ ಚಾಚಿ. ಅವನು ನೋಡುತ್ತಿರುತ್ತಾನೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಜಗಲಿಯಲ್ಲಿ ಕೂರೋಣ. ಕಾಫಿ ಬಿಸಿಯಾಗಿರುವಾಗಲೇ ಕುಡಿಯಿರಿ.